ಗಾಲಿ ಬಿಚ್ಚಿದ ಮೋಟಾರು

ರಬಕವಿ,
ತಾ. ೧೪ ಅಕ್ಟೋಬರ್ ೧೯೩೪

ದೋಣಿಯ ಹಿರಿಯರಾದ ಸಿದರಾಯ ಅಜ್ಜನವರಿಗೆ, ಪಾರಿಸಪ್ಪ ಸೇಟರ ಮೋಟಾರು ಸರ್ವಿಸಿನ ಡ್ರೈವರ್ ಹಾಗೂ ಮಿಸ್ತ್ರಿ ಆದಿನಾಥನ ನಮಸ್ಕಾರ. ಇತ್ತ ನಾವೆಲ್ಲ ಕ್ಷೇಮ. ಮೋಟಾರೂ ಕ್ಷೇಮ.

ಮೊದಲೇ ಹೇಳಿಬಿಡುತ್ತೇನೆ, ಈ ಪತ್ರ ನಾನಾಗಿ ಬರೆಯುತ್ತಿರುವುದಲ್ಲ. ಸೇಟರು ಎದುರಿಗೆ ಕೂತು ಬರೆಸುತ್ತಿದ್ದಾರೆ. ಆ ದಿನ ಹೊಳೆದಂಡೆಯಲ್ಲಿ ನಿಮ್ಮ ಅಂಬಿಗರೆಲ್ಲರ ಎದುರಿಗೆ, "ಬಂಡಿ ದಾಟಿಸಿದ ಅನುಭವ ಮೋಟಾರಿಗೆ ನಡಿಯೂದಿಲ್ರಿ" ಎಂದು ನಾನು ಅಂದದ್ದು ಖರೆ. ನೀವು ಚುಕ್ಕಾಣಿಯನ್ನು ನಿಂಗಣ್ಣನ ಕೈಗೆ ಕೊಟ್ಟು, ಕಂಬಳಿ ಹೆಗಲಿಗೆ ಹಾಕಿಕೊಂಡು, ಅದೇ ಸಂಜೆ ಬೀಳಗಿಯ ಮಗಳ ಮನೆಗೆ ಹೊರಟುಹೋದದ್ದೂ ಖರೆ. ಈಗ ಅಂಬಿಗರೆಲ್ಲ ದಂಡೆಯ ಮೇಲೆ ಬೀಡಿ ಸೇದುತ್ತ ಕೂತಿದ್ದಾರೆ. ಏನು ಕೇಳಿದರೂ "ಹಿರ್ಯಾ ಬರಲಿ" ಎನ್ನುತ್ತಾರೆ.

ನಾನು ಅಂದದ್ದರಲ್ಲಿ ತಪ್ಪೇನಿದೆ, ನೀವೇ ಹೇಳಿ. ನೀವು ಬಂಡಿಯನ್ನು ಗಾಲಿ ಬಿಚ್ಚಿ, ನಾಲ್ಕು ಜನ ಎತ್ತಿ, ದೋಣಿಯಲ್ಲಿ ಅಡ್ಡ ಇಟ್ಟು ದಾಟಿಸುತ್ತೀರಿ. ಮೋಟಾರನ್ನೂ ಹಾಗೇ ದಾಟಿಸೋಣ ಎನ್ನುತ್ತೀರಿ. ಮೋಟಾರಿಗೆ ತನ್ನದೇ ಜೀವವಿದೆ ಅಜ್ಜಾ. ಎರಡು ದೋಣಿ ಜೋಡಿಸಿ ಮೇಲೆ ಹಲಗೆ ಹಾಸಿದರೆ ಅದು ತಾನೇ ಹತ್ತುತ್ತದೆ, ಆಚೆ ದಂಡೆಯಲ್ಲಿ ತಾನೇ ಇಳಿಯುತ್ತದೆ. ಪುಣೆಯಲ್ಲಿ ಎರಡು ವರ್ಷ ಮೋಟಾರಿನ ಹೊಟ್ಟೆಯ ಕೆಳಗೇ ಮಲಗಿ ಕಲಿತವನು ನಾನು.

ಡಿಸೆಂಬರ್ ಮೂರು, ಸೋಮವಾರ, ಸಂಸ್ಥಾನದ ಸಾಹೇಬರು ಚಾಚಣಿ, ಅಂದರೆ ಪರೀಕ್ಷೆ, ನೋಡಲು ಬರುತ್ತಾರೆ. ಅವತ್ತು ಮೋಟಾರು ಹೊಳೆ ದಾಟಿದರೆ ಪರವಾನಗಿ ನಮ್ಮದು. ದಾಟದಿದ್ದರೆ ಆಚೆ ದಂಡೆಯ ಕಂಪನಿಯವರದು. ಅವರು ತಮ್ಮ ದೋಣಿ, ತಮ್ಮ ಆಳು ತರುತ್ತಾರಂತೆ. ಆಗ ನಾನು ಪುಣೆಗೆ ವಾಪಸ್ಸು ಹೋಗಿ ಮಂದಿಯ ಮೋಟಾರು ತೊಳೆಯಬೇಕು, ನಿಮ್ಮವರು ದೋಣಿ ನೂಕುವ ಜಲ್ಲೆ ಮುರಿದು ಒಲೆಗೆ ಹಾಕಬೇಕು.

ಆದರೆ ದಾಟಿತೆನ್ನಿ. ಬೆಳಿಗ್ಗೆ ರಬಕವಿಯ ಮಗ್ಗದಿಂದ ಇಳಿದ ಸೀರೆ ಮಧ್ಯಾಹ್ನಕ್ಕೆ ಅಥಣಿಯ ಪೇಟೆಯಲ್ಲಿ. ನೆನೆಸಿಕೊಂಡರೆ ನನಗೆ ಊಟ ಸೇರುವುದಿಲ್ಲ. ಬರಬೇಕೆಂದು ವಿನಂತಿ.

ಆದಿನಾಥ


ಬೀಳಗಿ,
ತಾ. ೨೨ ಅಕ್ಟೋಬರ್ ೧೯೩೪

ಶ್ರೀ ಆದಿನಾಥ ಮಿಸ್ತ್ರಿಯವರಿಗೆ, ಸಿದರಾಯರ ಮಗಳು ಹಣಮವ್ವ ಬರೆಯುವುದು. ಇಲ್ಲಿ ಎಲ್ಲರೂ ಕ್ಷೇಮ. ಅಪ್ಪನ ಸಿಟ್ಟೂ ಕ್ಷೇಮ.

ಅಪ್ಪನಿಗೆ ಓದು ಬರಹ ಬಾರದು. ನಾನು ರಬಕವಿಯ ಹೆಣ್ಣುಮಕ್ಕಳ ಸಾಲಿಯಲ್ಲಿ ನಾಲ್ಕನೇ ಇಯತ್ತೆಯವರೆಗೆ ಕಲಿತವಳು. ಅವರು ಹೇಳುತ್ತಾರೆ, ನಾನು ಬರೆಯುತ್ತೇನೆ. ಆದರೆ ನಿಮ್ಮ ಪತ್ರ ಓದಿ ಹೇಳಿದ ಮೇಲೆ ಅವರು ಆಡಿದ ಮಾತಿನಲ್ಲಿ ಮುಕ್ಕಾಲು ಪಾಲು ಕಾಗದದ ಮೇಲೆ ಬರೆಯುವಂಥದ್ದಲ್ಲ. ಉಳಿದದ್ದು ಇಷ್ಟು:

"ನಾ ಸಿಟ್ಟಿಗೆದ್ದ ಬಂದಿಲ್ಲ. ಮೊಮ್ಮಗಳ ಜವಳಕ್ಕ ಬಂದೇನಿ ಅಂತ ಬರಿ. ಆ ಮೋಟಾರಿಗಿ ಜೀವ ಐತಂತಲ್ಲ, ಹಂಗಾರ ಈಜಿಕೋಂತ ಹೋಗಂತ ಹೇಳು."

ಜವಳ ಶ್ರಾವಣದಲ್ಲೇ ಮುಗಿದಿದೆ. ಅದನ್ನು ಹೇಳಿದ್ದಕ್ಕೆ ನನ್ನ ಮೇಲೂ ಸಿಟ್ಟಾದರು.

ನಿಮಗೆ ಒಂದು ಮಾತು ನನ್ನ ಕಡೆಯಿಂದ. ನಿಮ್ಮ ಪತ್ರದಲ್ಲಿ 'ನಾನು' ಎಷ್ಟು ಸಲ ಬಂದಿದೆ ಎಂದು ಒಮ್ಮೆ ಓದಿ ನೋಡಿ. ನಿಮ್ಮಷ್ಟೇ ವಯಸ್ಸಿನಲ್ಲಿ ಅಪ್ಪ ಚುಕ್ಕಾಣಿ ಹಿಡಿದವರು. ಆಗ ಅವರೂ ಹೀಗೇ ಮಾತಾಡುತ್ತಿದ್ದರಂತೆ, ಅವ್ವ ಹೇಳುತ್ತಿದ್ದಳು.

ಪತ್ರ ಮಡಿಚುವಾಗ ಹೊರಗಿನಿಂದಲೇ ಕೂಗಿ ಕೇಳಿದರು: "ಅದರ ಭಾರ ಎಷ್ಟ ಅಂತ ಕೇಳು. ಸುಮ್ನ ಕೇಳಾಕತ್ತೇನಿ."

ಹಣಮವ್ವ


ರಬಕವಿ,
ತಾ. ೩ ನವೆಂಬರ್ ೧೯೩೪

ಸಿದರಾಯ ಅಜ್ಜನವರಿಗೆ ಮತ್ತು ಹಣಮವ್ವ ಅಕ್ಕನವರಿಗೆ ನಮಸ್ಕಾರ.

ಭಾರ: ಜೋಳ ತುಂಬಿದ ಮೂರು ಬಂಡಿಯಷ್ಟು. ಜನ ಕೂತರೆ ನಾಲ್ಕು.

ಈಜಿಕೊಂಡು ಹೋಗಲಿ ಎಂದಿರಿ. ಸೇಟರ ಅಂಗಡಿಯಲ್ಲಿ ಗಟ್ಟಿಯಾಗಿ ಓದಿದೆ; ಕೂತವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ, ಆದರೆ ಸ್ವಲ್ಪ ತಡವಾಗಿ.

ಇಲ್ಲಿಯ ಸುದ್ದಿ ಇದು. ನೀವು ಬರದಿದ್ದರೇನು, ನಾನೇ ನೋಡೋಣ ಎಂದು ನಿಂಗಣ್ಣನನ್ನು ಕಾಡಿ ಬೇಡಿ ಎರಡು ದೋಣಿ ಕಟ್ಟಿಸಿ, ಒಂದು ಬಂಡಿಯನ್ನು ಗಾಲಿಸಮೇತ ಹತ್ತಿಸಿದೆ. ಹತ್ತುವುದು ಹತ್ತಿತು, ಬಹಳ ಚೆಂದವಾಗಿ. ನಡುಹೊಳೆಯಲ್ಲಿ ಸಣ್ಣ ಗೊಂದಲವಾಯಿತು. ಒಂದು ಚೀಲ ಜೋಳ ಮೀನಿನ ಪಾಲಾಯಿತು. ದೋಣಿ ಎಲ್ಲಿ ಮುಟ್ಟಬೇಕಿತ್ತೋ ಅಲ್ಲಿ ಮುಟ್ಟಲಿಲ್ಲ, ಬಹಳ ಕೆಳಗೆ ಒಬ್ಬರ ಬದನೆಕಾಯಿ ತೋಟಕ್ಕೆ ಹೋಗಿ ನಿಂತಿತು. ತೋಟದವಳು ಆಡಿದ ಮಾತೂ ಕಾಗದದ ಮೇಲೆ ಬರೆಯುವಂಥದ್ದಲ್ಲ.

ಅಜ್ಜಾ, ಒಂದು ಪ್ರಶ್ನೆ. ಸೇಟರು ಕೇಳು ಎಂದದ್ದಲ್ಲ, ನಾನೇ ಕೇಳುತ್ತಿದ್ದೇನೆ. ಎರಡು ದೋಣಿ ಜೋಡಿಸಿದಾಗ ಚುಕ್ಕಾಣಿ ಎರಡೂ ದೋಣಿಗೆ ಇರಬೇಕೋ, ಒಂದಕ್ಕೋ? ನಾವು ಎರಡಕ್ಕೂ ಇಟ್ಟಿದ್ದೆವು.

ನಾಡಿದ್ದಿನಿಂದ ದೀವಳಿಗೆ. ಸೇಟರು ಮೋಟಾರಿಗೆ ಚೆಂಡುಹೂವಿನ ಮಾಲೆ ಹಾಕಿಸುತ್ತಾರಂತೆ. ಅದರ ಮೂತಿ ಈಗಲೇ ನಗುವಂತೆ ಕಾಣುತ್ತದೆ.

ಆದಿನಾಥ


ಬೀಳಗಿ,
ತಾ. ೧೨ ನವೆಂಬರ್ ೧೯೩೪

ಆದಿನಾಥನಿಗೆ ಹಣಮವ್ವನ ಆಶೀರ್ವಾದ. ಅಕ್ಕ ಎಂದು ಕರೆದ ಮೇಲೆ ಇನ್ನು 'ನೀವು' ಎನ್ನುವುದಿಲ್ಲ.

ನಿನ್ನ ಪ್ರಶ್ನೆ ಓದಿ ಹೇಳಿದ ಕೂಡಲೇ ಅಪ್ಪ ಎದ್ದು ಕೂತರು. ಉತ್ತರ ತಕ್ಷಣ ಬಂತು: "ಒಂದ ಇರಬೇಕು, ಕೆಳಗಿನ ನೀರಿನ ದೋಣಿಗೆ. ಎರಡ ಮಂದಿ ಕೈಯಾಗ ಎರಡ ಚುಕ್ಕಾಣಿ ಕೊಟ್ರ ಎರಡ ಹೊಳಿ ಆಗ್ತಾವ." ಆಮೇಲೆ ಬದನೆಕಾಯಿ ತೋಟದ ಸುದ್ದಿಯನ್ನು ಮತ್ತೆ ಮತ್ತೆ ಓದಿಸಿ, ಮುಖ ಗೋಡೆಯ ಕಡೆ ತಿರುಗಿಸಿಕೊಂಡು ನಕ್ಕರು. ಇದನ್ನು ಬರೆಯಬೇಡ ಎಂದಿದ್ದಾರೆ.

ಬರೆಯಬೇಡ ಎಂದ ಇನ್ನೊಂದು ಸಂಗತಿಯನ್ನೂ ಬರೆಯುತ್ತೇನೆ. ನಾನು ರೊಟ್ಟಿ ತಟ್ಟುವ ಮರದ ಪರಾತ ಮಾಯವಾಯಿತು. ನೆರೆಮನೆಯ ಗುರುಬಸವ್ವನ ಪರಾತವೂ ಮಾಯವಾಯಿತು. ಇಬ್ಬರೂ ಹುಡುಕುತ್ತ ಹಿತ್ತಲಿಗೆ ಹೋದರೆ, ದನ ನೀರು ಕುಡಿಯುವ ಕಲ್ಲುಬಾನಿಯಲ್ಲಿ ಅಪ್ಪ ಎರಡೂ ಪರಾತಗಳನ್ನು ಸುತಳಿಯಿಂದ ಜೋಡಿಸಿ, ಮೇಲೆ ಖಾರ ಕುಟ್ಟುವ ಗುಂಡುಕಲ್ಲು ಇಡುತ್ತಿದ್ದಾರೆ. ಎಮ್ಮೆ ಬಾಯಾರಿ ಪಕ್ಕಕ್ಕೆ ನಿಂತು ನೋಡುತ್ತಿದೆ. ಕಲ್ಲು ಒಂದು ಬದಿಯಿಂದ ಇಟ್ಟರು, ಗುರುಬಸವ್ವನ ಪರಾತ ಮುಳುಗಿತು. ಮತ್ತೆ ಇಟ್ಟರು, ನನ್ನದು ಮುಳುಗಿತು. ಆಮೇಲೆ ಏನೋ ಬೇರೆ ರೀತಿ ಮಾಡಿದರು. ಗುರುಬಸವ್ವನ ಬಾಯಿ ಮುಚ್ಚಿಸುವುದರಲ್ಲಿ ನಾನು ಅದನ್ನು ನೋಡಲಿಲ್ಲ. ತಿರುಗಿ ನೋಡಿದಾಗ ಅಪ್ಪ ಬಾನಿಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದರು, ಎರಡೂ ಪರಾತಗಳು ಕಲ್ಲು ಹೊತ್ತು ತೇಲುತ್ತಿದ್ದವು.

ಮರುದಿನ ರಬಕವಿ ಕಡೆ ಕುರಿ ಹೊಡೆದುಕೊಂಡು ಹೊರಟವನೊಬ್ಬನ ಕಿವಿಯಲ್ಲಿ ನಿಂಗಣ್ಣನಿಗೆ ಏನೋ ಹೇಳಿ ಕಳಿಸಿದರು. ಏನೆಂದು ನನಗೂ ಹೇಳಲಿಲ್ಲ. ಅವರು ಇಷ್ಟು ಚುರುಕಾಗಿ ಓಡಾಡಿದ್ದನ್ನು ನೋಡಿ ಎಷ್ಟೋ ದಿನವಾಗಿತ್ತು, ನನಗೆ ಖುಷಿಯಾಯಿತು.

ಹಣಮವ್ವ


ರಬಕವಿ,
ತಾ. ೨೩ ನವೆಂಬರ್ ೧೯೩೪

ಅಜ್ಜನವರಿಗೆ ಮತ್ತು ಅಕ್ಕನಿಗೆ ನಮಸ್ಕಾರ.

ಒಂದೇ ಚುಕ್ಕಾಣಿ, ಹೊಳೆ ಹರಿದುಹೋಗುವ ಬದಿಗಿರುವ ಕೆಳಗಿನ ನೀರಿನ ದೋಣಿಗೆ. ಮಾಡಿ ನೋಡಿದೆವು. ಖಾಲಿ ದೋಣಿಗಳು ಸೇರಬೇಕಾದ ಜಾಗಕ್ಕೆ ಸರಿಯಾಗಿ ಹೋಗಿ ಸೇರಿದವು. ನಿಂಗಣ್ಣ ನನ್ನ ಬೆನ್ನಿಗೆ ಹೊಡೆದ ಹೊಡೆತ ಇನ್ನೂ ಉರಿಯುತ್ತಿದೆ.

ಅಜ್ಜಾ, ನೀವು ಚಾಚಣಿಯ ದಿನ ಬರಲೇಬೇಕು. ಆ ದಿನ ನಿಮಗೊಂದು ನೋಡುವಂಥದ್ದನ್ನು ತೋರಿಸುತ್ತೇನೆ. ಈಗ ಹೇಳಿದರೆ ಅದರ ಮಜಾ ಹೋಗುತ್ತದೆ. ಇಷ್ಟು ಮಾತ್ರ ಹೇಳುತ್ತೇನೆ, ಗರಡಿಮನೆಯ ಪೈಲವಾನರು ಬೆಳಿಗ್ಗೆ ಸಂಜೆ ನನ್ನ ಹತ್ತಿರ ಬಂದು ಹೋಗುತ್ತಿದ್ದಾರೆ, ಹಾಲು ಬಾದಾಮಿಯ ಖರ್ಚು ನೋಡಿ ಸೇಟರು ತಲೆ ಚಚ್ಚಿಕೊಳ್ಳುತ್ತಿದ್ದಾರೆ.

ಮಂಗಳವಾರ ಮಿರಜಕ್ಕೆ ಹೋಗಿ ಪೆಟ್ರೋಲ್ ಡಬ್ಬಿ, ಟ್ಯೂಬು ತೆಗೆದುಕೊಂಡು ಭಾನುವಾರ ಸಂಜೆ ಬರುತ್ತೇನೆ. ಸೋಮವಾರ ಬೆಳಿಗ್ಗೆ ಹೊಳೆದಂಡೆಯಲ್ಲೇ ಭೇಟಿ.

ಆದಿನಾಥ


ಬೀಳಗಿ,
ತಾ. ೨೯ ನವೆಂಬರ್ ೧೯೩೪

ಆದಿನಾಥ,

ಈ ಪತ್ರವನ್ನು ಒಬ್ಬನೇ ಇದ್ದಾಗ ಓದು. ಸೇಟರ ಅಂಗಡಿಯಲ್ಲಿ ಗಟ್ಟಿಯಾಗಿ ಓದಬೇಡ.

ಅಪ್ಪ ಇವತ್ತು ಬೆಳಿಗ್ಗೆ ಬಂಡಿ ಹತ್ತಿ ಹೊರಟರು. ನಿನ್ನ ಪತ್ರ ಕೇಳಿ, "ಪೈಲವಾನರನ್ನ ಕರಕೊಂಡ ನನ್ನ ಜೋಡಿ ಕುಸ್ತಿ ಹಿಡೀತಾನಂತೇನು? ತನ್ನ ಹಟಾನ ತೋರಸ್ತಾನ" ಎಂದರು. ಆದರೂ ಹೊಸ ಪಟಕಾ ಸುತ್ತಿಕೊಂಡು ಹೋಗಿದ್ದಾರೆ. ನೀನೂ ಒಂದು ನೋಡುವಂಥದ್ದನ್ನು ಕಾಣುತ್ತೀಯಂತೆ, ಹಾಗಂತ ಬಂಡಿಯಲ್ಲಿ ಕೂತು ತಾವೇ ನಕ್ಕರು.

ಅವರು ಹೋದ ಕೂಡಲೇ ಬರೆಯಲು ಕೂತಿದ್ದೇನೆ. ಇದನ್ನು ನಿನಗಲ್ಲದೆ ಬೇರೆ ಯಾರಿಗೆ ಹೇಳಲಿ?

ಅಪ್ಪನ ಕಣ್ಣಿಗೆ ದೂರದ್ದು ಕಾಣುವುದಿಲ್ಲ. ಒಂದು ವರ್ಷದಿಂದ ಮಬ್ಬು ಹೆಚ್ಚಾಗುತ್ತ ಬಂದಿದೆ. ಹಿತ್ತಲಿನ ಎಮ್ಮೆ ಕಾಣುತ್ತದೆ, ಬೀದಿಯ ಆ ಬದಿಗೆ ನಿಂತವರು ಕಾಣುವುದಿಲ್ಲ. ದನಿ ಕೇಳಿ ಹೆಸರು ಹೇಳುತ್ತಾರೆ. ಇಲ್ಲಿಗೆ ಬಂದ ಮೇಲೆ ನನಗೆ ತಿಳಿಯಿತು. ನಿನ್ನ ಮಾತಿಗೆ ಸಿಟ್ಟು ಬಂದದ್ದು ಖರೆ, ಆದರೆ ಅವರು ಚುಕ್ಕಾಣಿ ಬಿಟ್ಟು ಬಂದದ್ದು ಬರೀ ಸಿಟ್ಟಿಗಲ್ಲ. ಬಂಡಿಯಾದರೆ ರೂಢಿಯ ಮೇಲೆ ದಾಟಿಸುತ್ತಿದ್ದರು. ಮೋಟಾರಿಗೆ ಹೆದರಿದರು. ಬಾಯಿ ಬಿಟ್ಟು ಹೇಳಲಾರರು, ನಾನು ಕೇಳಲಾರೆ.

ನೀನು ಇದನ್ನು ಸೇಟರಿಗೆ ಹೇಳಿದರೆ ಅಪ್ಪ ಮತ್ತೆಂದೂ ಹೊಳೆಗೆ ಇಳಿಯುವುದಿಲ್ಲ. ಹೊಳೆ ಬಿಟ್ಟರೆ ಅವರು ಬಹಳ ದಿನ ಇರುವುದಿಲ್ಲ, ಅದು ನನಗೆ ಗೊತ್ತು. ಹೇಳದೆ ಬಿಟ್ಟು ಮೋಟಾರು ಮುಳುಗಿದರೆ ಆ ಪಾಪ ನನ್ನದು. ಹನ್ನೆರಡು ಮನೆಯ ಗಂಡಸರು ಆ ದೋಣಿಯ ಮೇಲಿರುತ್ತಾರೆ. ಏನು ಮಾಡಬೇಕೋ ನನಗೆ ತಿಳಿಯುತ್ತಿಲ್ಲ. ನಿನ್ನನ್ನು ನಾನು ಕಣ್ಣಿನಿಂದ ನೋಡಿಲ್ಲ. ಆದರೂ ಬರೆದಿದ್ದೇನೆ.

ಹಣಮವ್ವ


ಅಥಣಿ,
ತಾ. ೪ ಡಿಸೆಂಬರ್ ೧೯೩೪

ಅಕ್ಕಾ,

ಮೇಲೆ ಊರಿನ ಹೆಸರು ನೋಡು. ಅಥಣಿ. ದಾಟಿತು ಅಕ್ಕಾ, ಮೋಟಾರು ದಾಟಿತು. ನಿನ್ನೆಯಿಂದ ನನ್ನ ಕಾಲು ನೆಲದ ಮೇಲಿಲ್ಲ. ಎಲ್ಲವನ್ನೂ ಮೊದಲಿನಿಂದ ಬರೆಯುತ್ತೇನೆ, ಏಕೆಂದರೆ ಅಜ್ಜ ನಿನಗೆ ಹೇಳುವ ಕಥೆಯೇ ಬೇರೆ ಇರುತ್ತದೆ.

ನಿನ್ನ ಪತ್ರ ಸೇಟರ ಅಂಗಡಿಯಲ್ಲಿ ಕಾಯುತ್ತಿತ್ತು. ಭಾನುವಾರ ಸಂಜೆ ಮಿರಜದಿಂದ ಇಳಿದು ಓದಿದೆ. ಆ ಮಾತನ್ನು ನಾನು ಅವರ ಮುಖದ ಮೇಲೆ ಹೇಗೆ ಅಂದೆನೋ, ನನಗೆ ನಾಚಿಕೆಯಾಯಿತು. ಸೇಟರಿಗೆ ಹೇಳಲಿಲ್ಲ. ಹೇಳಬೇಕೆಂದು ಎರಡು ಸಲ ಅವರ ಬಾಗಿಲಿಗೆ ಹೋಗಿ ಬಂದೆ, ಅದನ್ನೂ ಬರೆದುಬಿಡುತ್ತೇನೆ.

ಸೋಮವಾರ ಬೆಳಿಗ್ಗೆ ನಾನು ತೋರಿಸಬೇಕೆಂದಿದ್ದ ಕೌತುಕ ಹೊರಟಿತು. ಏನೆಂದು ಕೇಳು. ಬಂಡಿಯ ಚಾಚಣಿಯ ದಿನ ಆದದ್ದು ಸಣ್ಣ ಗೊಂದಲವಲ್ಲ. ನಡುಹೊಳೆಯಲ್ಲಿ ಬಂಡಿ ಗಾಲಿಯ ಮೇಲೆ ಉರುಳಿತು, ಇನ್ನೊಂದು ಗೇಣು ಉರುಳಿದ್ದರೆ ನಾವೆಲ್ಲ ನೀರಿನಲ್ಲಿರುತ್ತಿದ್ದೆವು. ಗಾಲಿ ಬಿಚ್ಚಬೇಕೆಂದ ಅಜ್ಜನ ಮಾತೇ ಸರಿ ಎಂದು ಅವತ್ತೇ ತಿಳಿಯಿತು. ಬಾಯಿಂದ ಒಪ್ಪಿಕೊಳ್ಳುವುದು ನನ್ನಿಂದಾಗಲಿಲ್ಲ, ಮಾಡಿ ತೋರಿಸೋಣ ಎಂದುಕೊಂಡೆ. ಮಿರಜಕ್ಕೆ ಹೋಗುವ ಮೊದಲೇ ನಾಲ್ಕೂ ಗಾಲಿ ಬಿಚ್ಚಿ ಸೇಟರ ಕೊಟ್ಟಿಗೆಯಲ್ಲಿಟ್ಟು, ಮೋಟಾರನ್ನು ತೊಲೆಗಳ ಮೇಲೆ ಕೂರಿಸಿದ್ದೆ. ಎತ್ತುಗಳು ಅದನ್ನು ಹೊಳೆಯವರೆಗೆ ಎಳೆದವು. ಎತ್ತಿ ದೋಣಿಗಿಡಲು ಪೈಲವಾನರು ಮೈಗೆ ಎಣ್ಣೆ ಹಚ್ಚಿಕೊಂಡು ಹಿಂದೆ ಬಂದರು.

ದಂಡೆಯಲ್ಲಿ ಏನಿದೆ ನೋಡಿದರೆ, ಅಜ್ಜ ನಗುತ್ತ ನಿಂತಿದ್ದಾರೆ. ಅವರ ಹಿಂದೆ ಕಲ್ಲು ಮಣ್ಣು ಹಾಕಿ ಕಟ್ಟಿದ ಇಳಿಜಾರು, ಎರಡೂ ದೋಣಿಗಳ ಮೇಲೆ ನೆಟ್ಟಗೆ ಹಾಸಿ ಮೊಳೆ ಹೊಡೆದ ಹಲಗೆ, ಮೋಟಾರು ತಾನೇ ಹತ್ತಿ ತಾನೇ ಇಳಿಯಲಿ ಎಂದು. ನಾನು ಹೇಳಿದ್ದೆನಲ್ಲ, ಥೇಟ್ ಹಾಗೇ. ಕುರಿಯವನ ಕಿವಿಯಲ್ಲಿ ಹೇಳಿ ಕಳಿಸಿದ್ದು ಇದನ್ನೇ. ನಿನ್ನ ಗುಂಡುಕಲ್ಲು ಅವರಿಗೆ ಪಾಠ ಹೇಳಿತ್ತು: ಇಷ್ಟು ಭಾರವನ್ನು ಬದಿಯಿಂದ ಎತ್ತಿಟ್ಟರೆ ಆ ಬದಿಯ ದೋಣಿಯೇ ಮೊದಲು ಮುಳುಗುತ್ತದೆ.

ಅಜ್ಜ ಹತ್ತಿರ ಬಂದು ಮೋಟಾರನ್ನು ಕೈಯಿಂದ ಮುಟ್ಟಿ ಮುಟ್ಟಿ ನೋಡಿದರು.

"ಇದರ ಕಾಲು ಯಾಂವ ಮುರದನಲೇ?"

"ನೀವ ಬಿಚ್ಚಂದಿದ್ರಲ್ರಿ."

"ನಾ ಅಂದಿದ್ನೆಪಾ. ನೀ ಯಾಕ ಕೇಳಾಕ ಹೋದಿ?"

ಸಾಹೇಬರು ಬೇವಿನ ಮರದ ಕೆಳಗೆ ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ಗಾಲಿಯಿಲ್ಲದ ಮೋಟಾರು, ಮೋಟಾರಿಗಾಗಿಯೇ ಕಟ್ಟಿದ ಇಳಿಜಾರು, ಎರಡನ್ನೂ ನೋಡಿ, "ಹೊತ್ತು ಮುಳುಗುವುದರೊಳಗೆ ದಾಟದಿದ್ದರೆ ನಾನು ಇಲ್ಲ ಎಂದು ಬರೆಯುತ್ತೇನೆ" ಎಂದರು. ಸೇಟರ ಮುಖ ಸುಣ್ಣವಾಯಿತು.

ಆಗ ಅಜ್ಜ ಒಂದು ಗಳಿಗೆ ಕಣ್ಣು ಮುಚ್ಚಿ ನಿಂತರು. ಆಮೇಲೆ, "ಕಾಲ ಹಚ್ಚಿ ಹತ್ತಸು, ದೋಣ್ಯಾಗ ಕಾಲ ಬಿಚ್ಚು, ಆಚಿ ದಂಡ್ಯಾಗ ತಿರಗಿ ಹಚ್ಚು" ಎಂದರು. ನನ್ನ ಬಾಯಲ್ಲೂ ಅದೇ ಮಾತು ಬಂದಿತ್ತು, ಅವರು ಮೊದಲು ಆಡಿದರು.

ಗಾಲಿಗಳು ಊರಲ್ಲಿ. ಪೈಲವಾನರು ಓಡಿದರು. ರಬಕವಿಯ ಬೀದಿಯಲ್ಲಿ ಎಣ್ಣೆ ಮೈಯ ಪೈಲವಾನರು ಮೋಟಾರಿನ ಗಾಲಿ ಉರುಳಿಸಿಕೊಂಡು ಓಡಿಬರುವುದನ್ನು ನೋಡಲು ನೇಕಾರರೆಲ್ಲ ಮಗ್ಗದ ಕುಣಿಯಿಂದೆದ್ದು ಹೊರಗೆ ಬಂದರಂತೆ, ಅರ್ಧ ಊರು ಹಿಂದೆಯೇ ಹೊಳೆಗೆ ಬಂತು. ಗಾಲಿ ಹಚ್ಚಿದೆ. ಮೋಟಾರು ಗುರ್ರೆಂದು ಇಳಿಜಾರು ಹತ್ತಿ ಎರಡೂ ದೋಣಿಗಳ ಮೇಲೆ ಸಮನಾಗಿ ನಿಂತಿತು. ಗಾಲಿ ಬಿಚ್ಚಿ ದಿಮ್ಮಿಗಳ ಮೇಲೆ ಕೂರಿಸಿದೆವು. ಅಷ್ಟರಲ್ಲಿ ಹೊತ್ತು ಪಶ್ಚಿಮಕ್ಕೆ ಇಳಿದಿತ್ತು. ನೀರೆಲ್ಲ ಝಳಝಳ ಹೊಳೆಯುತ್ತಿತ್ತು, ನನಗೇ ಕಣ್ಣು ಬಿಡಲಾಗುತ್ತಿರಲಿಲ್ಲ.

ಅಜ್ಜ ಚುಕ್ಕಾಣಿ ಹಿಡಿದರು. ಕೈಯನ್ನು ಹುಬ್ಬಿನ ಮೇಲಿಟ್ಟು ಆಚೆ ದಂಡೆ ನೋಡಿದರು, ಕೈ ಇಳಿಸಿದರು, ಮತ್ತೆ ಇಟ್ಟರು. ನಿನ್ನ ಪತ್ರ ನನ್ನ ಕಿಸೆಯಲ್ಲಿತ್ತು. ನಾನು ಹೋಗಿ ಅವರ ಮಗ್ಗುಲಿಗೆ ನಿಂತೆ. ಆಚೆ ದಂಡೆಯ ಕಲ್ಲು, ಗಿಡ ನೋಡಿ ಅಂಬಿಗರು ದಾರಿ ಹಿಡಿಯುತ್ತಾರೆಂದು ಖಾಲಿ ದೋಣಿ ದಾಟಿಸಿದಾಗ ಕಂಡಿದ್ದೆ. ಏನೂ ಅರಿಯದವನಂತೆ ಕೇಳಿದೆ:

"ಅಜ್ಜಾ, ಆಚಿ ದಂಡ್ಯಾಗಿನ ಸುಣ್ಣದ ಕಲ್ಲು ಜಾಲಿ ಗಿಡದ ಎಡಕ್ಕ ಬಂತ್ರಿ. ಹಿಂಗಾದ್ರ ಏನ್ ಮಾಡ್ತಾರ್ರಿ?"

"ಅಷ್ಟೂ ತಿಳಿಯೂದಿಲ್ಲೇನಲೇ? ಮ್ಯಾಲಿನ ನೀರಿಗಿ ತಿರವಬೇಕು." ತಿರುವಿದರು.

"ಈಗ ಕಲ್ಲೂ ಗಿಡಾ ಕೂಡಿದ್ವರಿ."

"ಕೂಡಿದ ಮ್ಯಾಲ ನೆಟ್ಟಗ ಬಿಡಬೇಕು. ಪುಣೆದಾಗ ಇದನ್ನ ಕಲಸಲಿಲ್ಲೇನು?"

ಅಂಬಿಗರು ಜಲ್ಲೆ ಹಾಕುತ್ತಲೇ ನಕ್ಕರು. ದಾರಿಯುದ್ದಕ್ಕೂ ನಾನು ಕೇಳಿದೆ, ಅವರು ಬೈದರು. ಬೈಗುಳ ನನಗೆ ಸಿಹಿಯಾಗಿತ್ತು ಅಕ್ಕಾ, ಸುಳ್ಳು ಹೇಳುತ್ತಿಲ್ಲ. ನಡುಹೊಳೆಯಲ್ಲಿ ಮುಂದಿನ ನೀರು ಒಂದು ಕಡೆ ನುಣ್ಣಗೆ, ಒಂದು ಕಡೆ ಚಾಪೆಯ ಹೆಣಿಗೆಯಂತೆ ಕಂಡಿತು. ಅದೇನೆಂದು ನನಗೆ ಖರೇನೇ ಗೊತ್ತಿರಲಿಲ್ಲ. ಹೇಳಿದೆ. ಅಜ್ಜನ ದನಿ ಬದಲಾಯಿತು: "ಯಾವ ಬಾಜೂಕ ಹೆಣಿಗಿ?" ಬಲಕ್ಕೆ ಎಂದೆ. "ಮರಳದಿಬ್ಬ ಅದು. ಎಲ್ಲಾರೂ ಎಡಕ್ಕ ಒತ್ರಿ." ಒತ್ತಿದರು. ದೋಣಿಯ ತಳ ಮರಳನ್ನು ಕೆರೆದ ಸದ್ದು ನನ್ನ ಹಲ್ಲಿನವರೆಗೂ ಬಂತು. ಕೆರೆದು ಬಿಟ್ಟಿತು.

ಹೊತ್ತು ಇನ್ನೂ ಒಂದು ಮಾರು ಇರುವಾಗ ಮುಟ್ಟಿದೆವು. ಗಾಲಿ ಹಚ್ಚಿದೆ, ಮೋಟಾರು ಇಳಿಯಿತು. ಆಚೆ ದಂಡೆಯವರ ಬೊಬ್ಬೆ, ಈಚೆ ದಂಡೆಯವರ ಬೊಬ್ಬೆ, ನಡುವೆ ಹೊಳೆ. ಅಜ್ಜನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಅಥಣಿಗೆ ಬಂದೆ. ದಾರಿಯಲ್ಲಿ ಒಂದೇ ಮಾತಾಡಿದರು: "ಇದು ಇಷ್ಟ ಯಾಕ ಕುಣೀತೈತಿ?"

ನಿನ್ನ ತಮ್ಮ,
ಆದಿನಾಥ


ಬೀಳಗಿ,
ತಾ. ೧೫ ಡಿಸೆಂಬರ್ ೧೯೩೪

ತಮ್ಮಾ ಆದಿನಾಥ,

ನಿನ್ನ ಪತ್ರವನ್ನು ಒಲೆಯ ಮುಂದೆ ಕೂತು ಓದಿದೆ. ರೊಟ್ಟಿ ಕರಕಲಾಯಿತು. ಅತ್ತೆಯೋ ನಕ್ಕೆಯೋ ಎಂದು ನಮ್ಮ ಮನೆಯವರು ಕೇಳಿದರು, ನನಗೇ ಗೊತ್ತಾಗಲಿಲ್ಲ.

ಅಪ್ಪ ಮೊನ್ನೆ ಹಾಸಿಗೆ ಬಟ್ಟೆ ತೆಗೆದುಕೊಂಡು ಹೋಗಲು ಬಂದಿದ್ದಾರೆ. ನಾಳೆ ಯಾವುದಾದರೂ ಮೋಟಾರಿನಲ್ಲೇ ಅರ್ಧ ದಾರಿ ಬರುತ್ತಾರಂತೆ, ಬಂಡಿ ಬಹಳ ಸಾವಕಾಶ ಎನ್ನುತ್ತಾರೆ. ಊರವರಿಗೆಲ್ಲ ಕಥೆ ಹೇಳಿ ಆಯಿತು: "ಹುಡುಗ ಛಲೋ, ಕೈಗುಣಾ ಐತಿ. ಆದ್ರ ಹೊಳಿದೇನೂ ತಿಳಿಯೂದಿಲ್ಲ. ಹೆಜ್ಜಿ ಹೆಜ್ಜಿಗಿ ಕೇಳತಾನ. ನಾ ಬಿಟ್ಟ ಬಂದ್ರ ಅಂವನ ಗತಿ ಏನು?" ನಾನು ಹೂಂ ಹೂಂ ಎಂದು ಕೇಳಿದೆ. ಹಾಗೇ ತಿಳಿದುಕೊಂಡಿರಲಿ, ನೀನೂ ಕೇಳುತ್ತಲೇ ಇರು ಎಂದು ನಿನಗೆ ಬರೆಯಬೇಕೆಂದು ಈ ಕಾಗದ ಹಿಡಿದು ಕೂತೆ.

ಅಷ್ಟರಲ್ಲಿ ಅಪ್ಪ ಬಂದು ಬಾಗಿಲಲ್ಲಿ ನಿಂತರು. ಯಾರಿಗೆ ಬರೆಯುತ್ತಿದ್ದೀ ಎಂದು ಕೇಳಲಿಲ್ಲ. ನನ್ನ ಪಕ್ಕದಲ್ಲಿ ಕೂತು, ಮೆಲ್ಲಗೆ ಹೇಳಿದರು. ಒಂದಕ್ಷರವೂ ಬಿಡದೆ ಬರೆಯುತ್ತೇನೆ, ಏಕೆಂದರೆ ಈ ಸಲ ಅವರು ಬರೆಯಬೇಡ ಎನ್ನಲಿಲ್ಲ.

"ಅಂವಗ ಬರಿ. ಸುಂಯ್ ಅಂತ ಗಾಳಿ ಬೀಸಿದಾಗ ಅಂವನ ದನಿ ನನಗ ಮುಟ್ಟೂದಿಲ್ಲ. ಕಲ್ಲ ಎಲ್ಲೈತಿ, ಗಿಡಾ ಎಲ್ಲೈತಿ ಅನ್ನೂದನ್ನ ಇನ್ನಷ್ಟ ಜೋರ ಕೂಗಂತ ಹೇಳು. ಮಂದಿ ಕೇಳಿದ್ರೂ ಅಡ್ಡಿಯಿಲ್ಲ."

ಹಣಮವ್ವ